ತಂತಿ ಹೋಗದ ಭಾನುವಾರ

ಸ್ಕಾಟ್ಲೆಂಡಿನಲ್ಲಿ ಒಂದೂವರೆ ವರ್ಷ ಇದ್ದೆ ಅಂದರೆ ಜನ ಕೇಳುವುದು ಎರಡೇ ಪ್ರಶ್ನೆ. ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ. ಚಳಿ ಚಳಿಯ ಹಾಗೇ ಇತ್ತು, ಊಟಕ್ಕೆ ಆಲೂಗಡ್ಡೆ ತಿಂದೆ. ನಾನು ಅಲ್ಲಿಂದ ಹೊತ್ತು ತಂದದ್ದು ಸಿಟ್ಟು. ಅದರ ವಿಚಾರ ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಅರವತ್ತರ ದಶಕದ ನಡುವಿನಲ್ಲಿ, ಒಂದು ಭಾನುವಾರ, ಆ ದೇಶದ ಒಂದು ಮೂಲೆಯ ಕಡಲಿನಲ್ಲಿರುವ ಪುಟ್ಟ ದ್ವೀಪದಲ್ಲಿ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದೆ. ನಮ್ಮ ಕಡಬದ ಕೆರೆ ಏರಿಯ ಮೇಲೆ ಹೋಗಿ ಬಂದಷ್ಟು ದೂರ ನಡೆದರೆ ಆ ದ್ವೀಪ ಮುಗಿದೇಹೋಗುತ್ತದೆ. ಅಷ್ಟು ಸಣ್ಣ ಜಾಗದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ದನದ ಡಾಕ್ಟರು. ನಮ್ಮದು ಗುಬ್ಬಿ ತಾಲ್ಲೂಕು, ಕಡಬದ ಕೆರೆಯಾಚೆಯ ಒಂದು ಹಳ್ಳಿ. ಕುರಿ ಸಾಕುವ ಮನೆತನ. ಐವತ್ತರ ದಶಕದಲ್ಲಿ ಗುಬ್ಬಿಯಲ್ಲಿ ಹೈಸ್ಕೂಲು ಮುಗಿಸಿ, ತುಮಕೂರಿನಲ್ಲಿ ಅಕ್ಕನ ಮನೆಯಲ್ಲಿ ಇದ್ದುಕೊಂಡು ಕಾಲೇಜು ಓದಿದೆ. ಭಾವ ಶಿರಾ ಗೇಟಿನ ಹತ್ತಿರ ಕಂಬಳಿ ಅಂಗಡಿ ಇಟ್ಟಿದ್ದರು. ಅಪ್ಪನ ಕುರಿಗಳ ಉಣ್ಣೆ ಕಂಬಳಿಯಾಗಿ ಕೊನೆಗೆ ಬಂದು ಸೇರುತ್ತಿದ್ದುದು ಆ ಅಂಗಡಿಗೇ. ಬೆಂಗಳೂರಿನಲ್ಲಿ ಡಾಕ್ಟರಿಕೆ ಓದಿ ಮುಗಿಸಿದ ಮೇಲೆ ಕುಣಿಗಲ್ಲಿಗೆ ಹಾಕಿದರು. ಅಲ್ಲಿ ಎರಡು ವರ್ಷ ಇದ್ದೆ. ಹೊಸದಾಗಿ ಓದಿಕೊಂಡು ಬಂದವನ ತಲೆ ಹೇಗಿರುತ್ತದೆ ಅನ್ನುವುದು ಗೊತ್ತಲ್ಲ, ಹಾಗೇ ಇತ್ತು ನನ್ನದು.

ಆಗ ನಮ್ಮ ಇಲಾಖೆಯಲ್ಲಿ ಸೀಮೆ ಟಗರಿನ ಹುಚ್ಚು. ಪರದೇಶದಿಂದ ದೊಡ್ಡ ಜಾತಿಯ ಬಿಳಿ ಟಗರು ತರಿಸಿ ಹಳ್ಳಿಹಳ್ಳಿಗೆ ಕೊಡುವುದು, ಹುಟ್ಟುವ ಮರಿಗಳು ದೊಡ್ಡವಾಗಿ, ಮೈತುಂಬ ಉಣ್ಣೆ ಬಿಟ್ಟು, ಜನ ಉದ್ಧಾರವಾಗುವುದು. ಒಂದೇ ಒಂದು ಷರತ್ತು. ಸೀಮೆ ಟಗರು ಬರುವ ಊರಿನಲ್ಲಿ ನಾಟಿ ಟಗರುಗಳಿಗೆ ಇಕ್ಕಳ ಹಾಕಿ ಬೀಜ ಒಡೆಸಬೇಕು. ಇಲ್ಲದಿದ್ದರೆ ಅವು ಸುಮ್ಮನಿರುತ್ತವೆಯೇ? ಕುಣಿಗಲ್ಲಿನ ಸುತ್ತ ನಾನು ಎಷ್ಟು ಭಾಷಣ ಮಾಡಿದೆನೋ ಲೆಕ್ಕವಿಲ್ಲ. "ನಿಮ್ಮ ಕುರಿ ಕುರಿಯಲ್ಲ, ಕೂದಲು ಬಿಟ್ಟ ಬೆಕ್ಕು" ಅನ್ನುತ್ತಿದ್ದೆ. ಒಬ್ಬ ಮುದುಕ ಎದ್ದು, "ಬುದ್ಧಿ, ಆ ಟಗ್ರು ನಮ್ ಬಿಸ್ಲು ತಡ್ಕತದಾ?" ಅಂತ ಕೇಳಿದ. ನಾನು ನಕ್ಕುಬಿಟ್ಟೆ, ನನ್ನ ಜೊತೆಗೆ ಬಂದಿದ್ದವರೂ ನಕ್ಕರು. ಮುದುಕ ಕೂತುಕೊಂಡ.

ಈ ಉತ್ಸಾಹ ನೋಡಿಯೇ ನನ್ನನ್ನು ಸರ್ಕಾರದ ವತಿಯಿಂದ ಸ್ಕಾಟ್ಲೆಂಡಿಗೆ ಕಳಿಸಿದ್ದು, ಕುರಿ ತಳಿಯ ಶಾಸ್ತ್ರ ಓದಿ ಬಾ ಅಂತ.

ಅಪ್ಪನ ಮಂದೆಯಲ್ಲಿ ಮೂರು ಟಗರುಗಳಿದ್ದವು. ಮೂರೂ ಕಾಡಿಗೆ ಕಪ್ಪು. ಅಪ್ಪನ ಕಂಬಳಿ ಬಣ್ಣ ಹಾಕದೆಯೇ ಕಪ್ಪಗಿರುತ್ತದೆ, ಹತ್ತು ಮಳೆಗಾಲಕ್ಕೂ ಜಗ್ಗುವುದಿಲ್ಲ ಅಂತ ತುಮಕೂರಿನವರೆಗೂ ಹೆಸರಿತ್ತು. ಅದು ಸುಮ್ಮನೆ ಬಂದದ್ದಲ್ಲ. ಗಂಡುಮರಿ ಹುಟ್ಟಿದರೆ ಅಪ್ಪ ಅದರ ಭುಜದ ಹತ್ತಿರ ಕೂದಲು ಬಿಡಿಸಿ ಬುಡ ನೋಡುತ್ತಿದ್ದ, ಮೂಸುತ್ತಿದ್ದ. ಅದರ ತಾಯಿ ಬೇಸಿಗೆಯಲ್ಲಿ ಎಲ್ಲಿಯವರೆಗೆ ನಡೆದಿತ್ತು, ಮರಿಗೆ ಹಾಲು ಬಿಟ್ಟಿತ್ತೋ ಇಲ್ಲವೋ ಅಂತ ನೆನಪು ಮಾಡಿಕೊಳ್ಳುತ್ತಿದ್ದ. ಎರಡು ವರ್ಷ ನೋಡಿ ಒಂದನ್ನು ಉಳಿಸಿಕೊಳ್ಳುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ, ಅವನ ತಾತನೂ. ಆ ಮೂರು ಟಗರುಗಳ ಹಿಂದೆ ಅಷ್ಟು ಜನ ಇದ್ದರು. ನನಗೆ ಅದು ಆಗ ಕಾಣಲಿಲ್ಲ. ಅವು ನನಗೆ ಇಲಾಖೆಯ ಕೆಲಸಕ್ಕೆ ಅಡ್ಡ ನಿಂತ ಮೂರು ಪ್ರಾಣಿಗಳು.

ನಮ್ಮೂರಿಗೂ ಸೀಮೆ ಟಗರು ಕೊಡುವುದೆಂದು ನಿಶ್ಚಯವಾಗಿತ್ತು, ಅಪ್ಪ ಮಾತ್ರ ಬೀಜ ಒಡೆಸಲು ಒಪ್ಪುತ್ತಿಲ್ಲ ಅಂತ ಭಾವ ಕಾಗದ ಬರೆದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ಪುಟದ ಕಾಗದ ಬರೆದೆ. ಅಪ್ಪನಿಗೆ ಓದು ಬಾರದು, ಊರಿನ ಮೇಷ್ಟ್ರು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳುತ್ತಾರೆ, ಹತ್ತು ಜನ ಕೇಳುತ್ತಾರೆ ಅಂತ ಗೊತ್ತಿದ್ದೇ ಬರೆದೆ. ಮಗ ಊರೂರಿಗೆ ಬುದ್ಧಿ ಹೇಳುವವನು, ಅಪ್ಪನೇ ಕೇಳದಿದ್ದರೆ ನಾನು ತಲೆಯೆತ್ತಿಕೊಂಡು ಓಡಾಡುವುದು ಹೇಗೆ ಅಂತ ಬರೆದೆ. ಇನ್ನೂ ಏನೇನೋ ಬರೆದೆ.

ಮೇಷ್ಟ್ರ ಕೈಯಲ್ಲಿ ಬರೆಸಿದ ಉತ್ತರ ಬಂತು. ಐದೇ ಸಾಲು. ನೀನು ಹೇಳಿದಂತೆ ಆಗಲಿ, ಕಾಂಪೌಂಡರು ಇಂಥ ತಾರೀಕು ಬೆಳಿಗ್ಗೆ ಬರುತ್ತಾರಂತೆ, ಮೂರನ್ನೂ ಕಟ್ಟಿಹಾಕಿರುತ್ತೇನೆ, ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ಗೆದ್ದೆ ಅಂದುಕೊಂಡೆ. ಆ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಆ ಕಾಗದ ಜೇಬಿನಲ್ಲಿರುವಾಗಲೇ ನಾನು ದ್ವೀಪಕ್ಕೆ ಹೋದದ್ದು. ನಮಗೆ ಕುರಿಯ ಪಾಠ ಹೇಳುತ್ತಿದ್ದ ಪ್ರೊಫೆಸರು, ಕೆಂಪು ಮುಖದ, ಒಳ್ಳೆಯ ಮನುಷ್ಯನೇ ಅನ್ನಿ, "ಬಾ, ನಿನಗೊಂದು ತಮಾಷೆ ತೋರಿಸುತ್ತೇನೆ, ಕಡಲಿನ ಪಾಚಿ ತಿನ್ನುವ ಕುರಿ" ಅಂದ. ಅವನಿಗೆ ಬಿಡುವಿದ್ದದ್ದು ಭಾನುವಾರ. ಇಬ್ಬರೂ ಹಿಂದಿನ ದಿನವೇ ಕಡಲ ದಡದ ಊರಿಗೆ ಹೋಗಿ ತಂಗಿದ್ದು, ಬೆಳಿಗ್ಗೆ ಮೋಟಾರು ದೋಣಿ ಹತ್ತಿದೆವು. ಎರಡು ಗಂಟೆ ಪ್ರಯಾಣ. ನಾನು ಎರಡು ಗಂಟೆಯೂ ದೋಣಿಯ ಅಂಚು ಹಿಡಿದುಕೊಂಡು ವಾಂತಿ ಮಾಡಿದೆ. ಕೆರೆ ನೋಡಿ ಬೆಳೆದವನಿಗೆ ಕಡಲು ಒಗ್ಗಲಿಲ್ಲ.

ದಡದಲ್ಲಿ ಕರಿ ಕೋಟು ಹಾಕಿದ ಇಬ್ಬರು ಗಂಡಸರು ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದರು. ದೋಣಿಯವನು ಹಗ್ಗ ಎಸೆದ. ಹಗ್ಗ ಅವರ ಕಾಲ ಬುಡದಲ್ಲೇ ಬಿತ್ತು. ಇಬ್ಬರೂ ಅದನ್ನು ನೋಡಿದರು. ಬಗ್ಗಲಿಲ್ಲ. ಹಗ್ಗ ಮೆಲ್ಲಗೆ ಜಾರಿ ನೀರಿಗೆ ಬಿತ್ತು. ಎರಡನೇ ಸಲ ಎಸೆದಾಗಲೂ ಅಷ್ಟೇ. ಕೊನೆಗೆ ಪ್ರೊಫೆಸರೇ ಹಾರಿ, ಮಂಡಿ ತರಚಿಕೊಂಡು, ಹಗ್ಗವನ್ನು ಗೂಟಕ್ಕೆ ಕಟ್ಟಿದ. ಆ ಇಬ್ಬರೂ ಟೋಪಿ ಎತ್ತಿ ನಮಸ್ಕಾರ ಮಾಡಿದರು!

"ಇವತ್ತು ಭಾನುವಾರ. ಇವರು ಕೆಲಸ ಮುಟ್ಟುವುದಿಲ್ಲ" ಅಂದ ಪ್ರೊಫೆಸರು, ರಕ್ತ ಒರೆಸಿಕೊಳ್ಳುತ್ತ.

ಹಗ್ಗ ಹಿಡಿಯುವುದು ಕೆಲಸವೇ? ನಮ್ಮೂರಲ್ಲಿ ಮಾತು ಬಿಟ್ಟ ದಾಯಾದಿ ಬಾವಿಗೆ ಬಿದ್ದರೂ ಮೊದಲು ಹಗ್ಗ ಬಿಡುತ್ತಾರೆ, ಆಮೇಲೆ ಬೈಯುತ್ತಾರೆ. ಹೊಟ್ಟೆಯಲ್ಲಿದ್ದುದೆಲ್ಲ ಕಡಲಿಗೆ ಹೋಗಿತ್ತು, ಒಂದು ಲೋಟ ಟೀ ಸಿಕ್ಕಿದ್ದರೆ ಸಾಕಿತ್ತು. ಟೀ ಕೊಡುವವರಿಲ್ಲ, ಅಂಗಡಿ ಬಾಗಿಲಿಲ್ಲ. ಹಗ್ಗದ ಮೇಲೆ ಒಣಗುವ ಬಟ್ಟೆಯಿಲ್ಲ, ಬೀದಿಯಲ್ಲಿ ಆಡುವ ಮಕ್ಕಳಿಲ್ಲ. ಒಂದು ಮನೆಯ ಅಂಗಳದಲ್ಲಿ ಹುಂಜವನ್ನು ಬುಟ್ಟಿಯ ಕೆಳಗೆ ಮುಚ್ಚಿದ್ದರು. ಹುಂಜಕ್ಕೂ ಭಾನುವಾರ! ಮರವೆಂಬುದೇ ಇಲ್ಲದ ನೆಲ, ಮುಖಕ್ಕೆ ಹೊಡೆಯುವ ಗಾಳಿ, ದೂರದಲ್ಲಿ ಚರ್ಚಿನಿಂದ ಎಳೆದೆಳೆದು ಹಾಡುವ ಸದ್ದು. ಇಂಥವರ ದೇಶಕ್ಕೆ ನಾನು ಶಾಸ್ತ್ರ ಕಲಿಯಲು ಬಂದೆನಲ್ಲ ಅಂತ ಒಳಗೊಳಗೇ ನಕ್ಕೆ. ನಮ್ಮ ಹಳ್ಳಿಯವರು ಮೂಢರು ಅಂತ ಬೈದುಕೊಂಡು ಬಂದರೆ ಇಲ್ಲಿ ಅವರ ಅಣ್ಣಂದಿರೇ ಇದ್ದರು.

ಆಮೇಲೆ ಕುರಿ ನೋಡಿದೆ. ನೀರು ಹಿಂದಕ್ಕೆ ಸರಿದ ಜಾಗದಲ್ಲಿ, ಕರಿ ಬಂಡೆಗಳ ನಡುವೆ, ಪಾಚಿ ಎಳೆದು ಮೇಯುತ್ತಿದ್ದವು. ಸಣ್ಣ ಗಾತ್ರ, ತೆಳು ಕಾಲು, ಕಪ್ಪು ಉಣ್ಣೆ. ಪಾಚಿ ತಿನ್ನುವುದೊಂದು ಬಿಟ್ಟರೆ ಅವು ಅಪ್ಪನ ಕುರಿಗಳೇ.

ಪ್ರಾರ್ಥನೆ ಮುಗಿಸಿಕೊಂಡು ಬಂದ ಒಬ್ಬ ಮುದುಕ ಕಲ್ಲುಗೋಡೆಗೆ ಒರಗಿ ನಮ್ಮನ್ನು ನೋಡುತ್ತಿದ್ದ. ಆ ಮಂದೆ ಅವನದೇ. ಮಾತಾಡುವುದಕ್ಕೆ ಭಾನುವಾರದ ಅಡ್ಡಿಯಿರಲಿಲ್ಲ ಅಂತ ಕಾಣುತ್ತದೆ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಪ್ರೊಫೆಸರು ಬಿಡಿಸಿ ಹೇಳುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ? ಕುಣಿಗಲ್ಲಿನ ಭಾಷಣ ಅಲ್ಲೂ ಶುರು ಮಾಡಿದೆ. ಇಷ್ಟು ಸಣ್ಣ ಕುರಿ ಯಾಕೆ ಇಟ್ಟುಕೊಂಡಿದ್ದೀರಿ, ಒಳ್ಳೆಯ ಜಾತಿಯ ದೊಡ್ಡ ಟಗರು ತರಿಸಬಾರದೇ ಅಂದೆ.

ಮುದುಕ ನಕ್ಕ. ಬಾಯಲ್ಲಿ ಹಲ್ಲಿರಲಿಲ್ಲ.

"ತರಿಸಿದ್ದರು. ನಾನು ಚಿಕ್ಕವನಿದ್ದಾಗ. ಈ ದ್ವೀಪದ ಧಣಿ ದೊಡ್ಡ ಬಿಳಿ ಟಗರುಗಳನ್ನು ಹಡಗಿನಲ್ಲಿ ಕಳಿಸಿದ. ನಮ್ಮ ಟಗರುಗಳನ್ನೆಲ್ಲ ಕಡಿಸಿಹಾಕಿದ."

"ಆಮೇಲೆ?"

"ಆಮೇಲೇನು, ಗಬ್ಬ ಆದವು. ಮರಿ ಹಾಕುವ ಹೊತ್ತು ಬಂತು. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಚಿಕ್ಕದು. ನಮ್ಮಮ್ಮ ಎಷ್ಟೋ ಕುರಿಗಳಿಗೆ ಕೈ ಹಾಕಿ ಎಳೆದಳು. ತಾಯಿಯೂ ಹೋಯಿತು, ಮರಿಯೂ ಹೋಯಿತು. ಉಳಿದ ಮರಿಗಳಿಗೆ ಪಾಚಿ ಮೇಯಲು ಬರಲಿಲ್ಲ. ಟಗರುಗಳು ಒಂದು ಚಳಿಗಾಲ ಕಳೆಯಲಿಲ್ಲ."

"ಮತ್ತೆ ಇವು ಎಲ್ಲಿಂದ ಬಂದವು?"

"ನಮ್ಮಜ್ಜ ಒಂದು ಟಗರನ್ನು ಧಣಿಯ ಕಣ್ಣಿಗೆ ಬೀಳದಂತೆ ಬಂಡೆಯ ಸಂದಿಯಲ್ಲಿ ಬಚ್ಚಿಟ್ಟಿದ್ದ" ಅಂದ ಮುದುಕ. "ಅವನು ಬಚ್ಚಿಡದೆ ಇದ್ದಿದ್ದರೆ ನೀವು ಇವತ್ತು ನೋಡುವುದಕ್ಕೆ ಇಲ್ಲಿ ಏನೂ ಇರುತ್ತಿರಲಿಲ್ಲ."

ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಚಿಕ್ಕದು. ಇದನ್ನು ತಿಳಿಯುವುದಕ್ಕೆ ಡಾಕ್ಟರಿಕೆ ಬೇಕೇ? ಕುಣಿಗಲ್ಲಿನಲ್ಲಿ ನಾನೇ ಎಷ್ಟು ಅಡ್ಡ ಸಿಕ್ಕಿದ ಮರಿಗಳನ್ನು ಎಳೆದಿರಲಿಲ್ಲ! ಅಪ್ಪನ ಒಂದೊಂದು ಕುರಿಯೂ ಕಣ್ಣ ಮುಂದೆ ಬಂತು. ಅವುಗಳ ಸೊಂಟ ನನಗೆ ಗೊತ್ತು, ಹುಡುಗನಾಗಿದ್ದಾಗ ಎತ್ತಿ ಹೊಳೆ ದಾಟಿಸಿದ್ದೇನೆ. ಅವುಗಳಿಗೆ ಆನೆಯಂಥ ಟಗರು ಬಿಡುವುದು, ಇರುವ ಟಗರುಗಳ ಬೀಜ ಒಡೆಸುವುದು. ಇದನ್ನು ಮಾಡು ಅಂತ ಬರೆದವನು ನಾನು.

ಪ್ರೊಫೆಸರನ ಕಡೆ ತಿರುಗಿದೆ. "ನಿಮಗೆ ಇದು ಗೊತ್ತಿತ್ತೇ?"

"ಗೊತ್ತಿಲ್ಲದೆ ಏನು. ಎಲ್ಲರಿಗೂ ಗೊತ್ತಿರುವುದೇ" ಅಂದ.

"ಮತ್ತೆ ನಮ್ಮ ದೇಶಕ್ಕೆ ಟಗರು ಯಾಕೆ ಕಳಿಸಿದಿರಿ?"

"ನಿಮ್ಮ ಸರ್ಕಾರ ಕೇಳಿತು. ಇಲ್ಲಿಂದ ಕಳಿಸಿದರು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ."

ಎಷ್ಟು ಸಲೀಸಾಗಿ ಅಂದ! ಅವನನ್ನು ಎತ್ತಿ ಆ ಪಾಚಿಯೊಳಕ್ಕೆ ಒಗೆಯಬೇಕು ಅನ್ನಿಸಿತು. ಆದರೆ ಅದಕ್ಕೆ ಹೊತ್ತಿರಲಿಲ್ಲ. ಜೇಬಿನಿಂದ ಅಪ್ಪನ ಕಾಗದ ತೆಗೆದು ತಾರೀಕು ನೋಡಿದೆ. ಕಾಂಪೌಂಡರು ಬರುವುದು ನಾಳೆ ಬೆಳಿಗ್ಗೆ. ಇಲ್ಲಿ ಈಗ ಮಧ್ಯಾಹ್ನ ಹನ್ನೆರಡು, ಊರಲ್ಲಿ ಸಂಜೆಯಾಗುತ್ತಿದೆ. ಈಗಲೇ ತುಮಕೂರಿಗೆ ಅರ್ಜೆಂಟು ತಂತಿ ಕೊಟ್ಟರೆ ಹೇಗಾದರೂ ಭಾವನ ಕೈ ಸೇರುತ್ತದೆ. ಶಿರಾ ಗೇಟಿನಿಂದ ಬೆಳಗಿನ ಬಸ್ಸು ಹಿಡಿದು ಭಾವ ಕಡಬಕ್ಕೆ ಹೋಗಿ, ಅಲ್ಲಿಂದ ಓಡಿದರೂ ಸಾಕು. ಮೂರು ಟಗರುಗಳು ಉಳಿಯುತ್ತವೆ. ಮೂರು ಬೇಡ, ಒಂದು ಉಳಿದರೂ ಸಾಕು.

ದ್ವೀಪದಲ್ಲಿ ಪೋಸ್ಟಾಫೀಸು ಇತ್ತು. ಒಂದು ಮನೆಯ ಮುಂದಿನ ಕೋಣೆ, ಬಾಗಿಲ ಪಕ್ಕದಲ್ಲಿ ಕೆಂಪು ಡಬ್ಬಿ. ಕಿಟಕಿಯಲ್ಲಿ ಇಣುಕಿದರೆ ಮೇಜಿನ ಮೇಲೆ ಟೆಲಿಫೋನು ಕಾಣುತ್ತಿತ್ತು. ಅದರಲ್ಲಿ ಹೇಳಿದರೆ ಆಚೆ ದಡದವರು ತಂತಿ ಕಳಿಸುತ್ತಾರೆ, ಅಷ್ಟೇ ಕೆಲಸ. ಬಾಗಿಲು ಬಡಿದೆ. ಪೋಸ್ಟಾಫೀಸು ನೋಡಿಕೊಳ್ಳುತ್ತಿದ್ದ ಹೆಂಗಸು ಬಾಗಿಲು ತೆಗೆದಳು. ಐವತ್ತರ ಆಜುಬಾಜು, ಕರಿ ಉಡುಪು, ಕೈಯಲ್ಲಿ ಅವರ ಧರ್ಮಗ್ರಂಥ.

"ಒಂದು ತಂತಿ ಕೊಡಬೇಕು. ಬಹಳ ಅರ್ಜೆಂಟು."

"ಇವತ್ತು ಭಾನುವಾರ" ಅಂದಳು.

"ಗೊತ್ತು. ಆದರೆ ನಾಳೆ ಆದರೆ ಪ್ರಯೋಜನವಿಲ್ಲ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ?"

"ಇಲ್ಲ."

"ಸಾವೇನಾದರೂ ಆಗಿದೆಯೇ?"

"ಇಲ್ಲಮ್ಮ. ನಮ್ಮ ಅಪ್ಪನ ಮೂರು ಟಗರುಗಳು."

ಆಕೆ ನಗಲಿಲ್ಲ. ಕುರಿ ಸಾಕುವವರ ನಡುವೆ ಹುಟ್ಟಿದವಳು, ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಮನುಷ್ಯರ ಜೀವಕ್ಕೆ ಅಪಾಯ ಅಂದರೆ ಈ ಗಳಿಗೆಯಲ್ಲೇ ಕಳಿಸುತ್ತೇನೆ, ದೇವರು ಒಪ್ಪುತ್ತಾನೆ. ಟಗರಿನ ವಿಚಾರ ನಾಳೆ." ಮತ್ತೆ ಕೇಳಿದಳು, ಒಂದೊಂದೇ ಮಾತು ಬಿಡಿಸಿ: "ಚೆನ್ನಾಗಿ ಯೋಚನೆ ಮಾಡಿ ಹೇಳಿ. ನಿಮ್ಮ ತಂದೆ ಹುಷಾರಾಗಿದ್ದಾರೆಯೇ?"

ಪ್ರೊಫೆಸರು ಹಿಂದಿನಿಂದ ನನ್ನ ಕಿವಿಗೆ ಬಾಯಿಟ್ಟು, "ಅಪ್ಪ ಸಾಯುತ್ತಿದ್ದಾನೆ ಅನ್ನು ಮಾರಾಯ. ಆಕೆ ಅದನ್ನೇ ಕಾಯುತ್ತಿದ್ದಾಳೆ" ಅಂದ.

ಒಂದು ಸುಳ್ಳು. ಎರಡು ಪದ. ಅಷ್ಟು ಹೇಳಿದ್ದರೆ ಆಗಿಹೋಗುತ್ತಿತ್ತು. ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ತಮಾಷೆಗೂ ಬದುಕಿರುವವರ ಸಾವಿನ ಮಾತು ಆಡುವಂತಿರಲಿಲ್ಲ. ಆಡಿದರೆ ಅವ್ವ ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬಂದು, "ಬುಡ್ತು ಅನ್ನು, ಬುಡ್ತು ಅನ್ನು" ಅಂತ ಬಾಯಿಗೆ ಹೊಡೆಯುತ್ತಿದ್ದಳು. ಏಳು ಕಡಲಿನಾಚೆ, ಕೋಟು ಟೈ ಕಟ್ಟಿಕೊಂಡು, ಊರಿನ ಮೂಢನಂಬಿಕೆಯನ್ನೆಲ್ಲ ಬೈದು ನಾಲ್ಕು ಪುಟ ಬರೆದ ಡಾಕ್ಟರು ನಾನು. ನನ್ನ ನಾಲಿಗೆಯ ಮೇಲೆ ಅವ್ವನ ಕೈ ಬಂದು ಕೂತಿತ್ತು. ನಾನು ಹೀಗೆ ಅಂದು, ಅಲ್ಲಿ ಅಪ್ಪನಿಗೆ ಏನಾದರೂ ಆಗಿಬಿಟ್ಟರೆ?

"ನಮ್ಮಪ್ಪ ಗುಂಡುಕಲ್ಲಿನ ಹಾಗಿದ್ದಾನೆ" ಅಂದೆ.

"ಹಾಗಿದ್ದರೆ ಸಂತೋಷ" ಅಂದಳು. ಒಳಗೆ ಹೋಗಿ ಒಂದು ಲೋಟ ಹಾಲು, ಒಂದು ದಪ್ಪ ರೊಟ್ಟಿ ತಂದು ಕೊಟ್ಟಳು. ಹಸಿದವರಿಗೆ ಕೊಡುವುದಕ್ಕೆ ಅವರ ಭಾನುವಾರದಲ್ಲಿ ಜಾಗವಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರದಿದ್ದರೂ ನಾನು ಅದನ್ನು ಮುಟ್ಟಲಿಲ್ಲ. ಅಂಗಳದ ಗೋಡೆಯ ಮೇಲೆ ಕುಕ್ಕಿದೆ, ಹಾಲು ತುಳುಕಿ ಕಲ್ಲಿನ ಮೇಲೆ ಚೆಲ್ಲಿತು. ಆಮೇಲೆ ಕೂಗಾಡಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದು ಕನ್ನಡದಲ್ಲಿ ಮುಗಿಯಿತು. "ನಿನ್ ಭಾನ್ವಾರುಕ್ ಬೆಂಕಿ ಹಾಕ! ನಿನ್ ಮನೆ ಹಾಳಾಗ! ಟೆಲಿಫೋನ್ ಅಲ್ಲೇ ಐತಲ್ಲೇ, ಎತ್ತಿ ಎಲ್ಡು ಮಾತಾಡುಕ್ಕೆ ಏನೇ ಬಂದಿರದು ನಿಂಗೆ?" ಗುಬ್ಬಿಯ ಸಂತೆಯಲ್ಲಿ ಕಲಿತದ್ದೆಲ್ಲ ಆ ಕಡಲಿನ ಮೇಲೆ ಹೋಯಿತು. ಆಕೆ ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು.

ಸಂಜೆಯವರೆಗೂ ದೋಣಿಗೆ ಕಾದೆ. ನೀರು ಏರದೆ ದೋಣಿ ಬಿಡುವಂತಿರಲಿಲ್ಲ. ಪ್ರೊಫೆಸರು ಸಮಾಧಾನ ಮಾಡಲು ಬಂದ, ಮಾತಾಡಬೇಡ ಅಂದೆ. ಗಡಿಯಾರ ನೋಡುವುದು, ಊರಿನ ಹೊತ್ತು ಎಣಿಸುವುದು, ಇದೇ ನನ್ನ ಕೆಲಸ. ಈಗ ಅಪ್ಪ ಕುರಿ ರೊಪ್ಪದ ಬಾಗಿಲು ಹಾಕಿರುತ್ತಾನೆ. ಈಗ ಉಂಡು ಮಲಗಿರುತ್ತಾನೆ. ನಾಳೆ ಬೆಳಿಗ್ಗೆ ಎದ್ದು ಮೂರನ್ನೂ ಕಟ್ಟುತ್ತಾನೆ. ನಾಳೆ, ನಾಳೆ ಅಂತ ಎಷ್ಟು ಸಲ ಅಂದುಕೊಂಡೆನೋ.

ಆಚೆ ದಡ ಸೇರಿದಾಗ ಅಲ್ಲಿಯ ಪೋಸ್ಟಾಫೀಸೂ ಮುಚ್ಚಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಭಾವನಿಗೆ ತಂತಿ ಕೊಟ್ಟೆ. ಟಗರುಗಳನ್ನು ಮುಟ್ಟಿಸಬೇಡಿ, ಅಷ್ಟೇ. ಆಗ ಊರಲ್ಲಿ ಮಧ್ಯಾಹ್ನವಾಗಿತ್ತು. ಮೂರು ವಾರದ ಮೇಲೆ ಭಾವನ ಕಾಗದ ಬಂತು. ನಿನ್ನ ತಂತಿ ಮಂಗಳವಾರ ಬೆಳಿಗ್ಗೆ ಕೈ ಸೇರಿತು, ಆಗಿಂದಾಗಲೇ ಬಸ್ಸು ಹತ್ತಿ ಹೋದೆ, ಹಿಂದಿನ ದಿನವೇ ಮೂರೂ ಟಗರುಗಳ ಬೀಜ ಒಡೆದು ಮುಗಿದಿತ್ತು ಅಂತ ಬರೆದಿದ್ದರು.

ಅಲ್ಲಿಂದ ಮುಂದೆ ಒಂದು ವರ್ಷ ಆ ಹೆಂಗಸನ್ನು ದಿನಾ ಬೈದೆ. ಓದುತ್ತ ಬೈದೆ, ಉಣ್ಣುತ್ತ ಬೈದೆ. ನನ್ನ ಮೇಲೆ ಸಿಟ್ಟಿರಲಿಲ್ಲವೆಂದಲ್ಲ. ಆದರೆ ನಾನು ತಪ್ಪು ತಿದ್ದಿಕೊಳ್ಳಲು ಓಡಿದವನು, ಅಡ್ಡ ನಿಂತವಳು ಅವಳು. ಅವಳ ಒಂದು ಭಾನುವಾರ ಇಲ್ಲದಿದ್ದರೆ ಅಪ್ಪನ ಟಗರುಗಳು ಉಳಿಯುತ್ತಿದ್ದವು. ಹಾಗಂದುಕೊಂಡಾಗ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು.

ಓದು ಮುಗಿಸಿ ಊರಿಗೆ ಬಂದೆ. ಬೆಂಗಳೂರಿನಿಂದ ರೈಲು, ಗುಬ್ಬಿಯಲ್ಲಿ ಇಳಿದು ಬಸ್ಸು. ಅಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಸೀಮೆ ಟಗರು ಬಂದಿತ್ತು, ಕುರಿಗಳು ಗಬ್ಬವಾಗಿದ್ದವು, ಹೆರಲಾರದೆ ಒಂಬತ್ತು ತಾಯಿಗಳು ಸತ್ತಿದ್ದವು. ಟಗರು ಬೇಸಿಗೆಯಲ್ಲಿ ಹೊಂಗೆಮರದ ಕೆಳಗೆ ನಾಲಿಗೆ ಚಾಚಿ ಬಿದ್ದುಕೊಂಡಿತ್ತಂತೆ. ಅಪ್ಪ ಒದ್ದೆ ಗೋಣಿಚೀಲ ಹೊದಿಸಿ, ನೀರು ಹೊಯ್ದು, ತನ್ನ ಮಗನ ಟಗರು ಅಂತ ಹಗಲೆಲ್ಲ ಪಕ್ಕದಲ್ಲೇ ಕೂತಿದ್ದನಂತೆ. ಉಗಾದಿ ಕಳೆದ ವಾರದಲ್ಲಿ ಅದು ಸತ್ತಿತು. ನನ್ನ ಕಾಗದವನ್ನು ಮೇಷ್ಟ್ರು ಜಗಲಿಯ ಮೇಲೆ ಓದಿದ್ದರಲ್ಲ, ಅದನ್ನು ಕೇಳಿ ಊರಿನ ಮಿಕ್ಕವರೂ 'ದೊಡ್ಡ ಡಾಕ್ಟರು ಹೇಳಿದ ಮೇಲೆ ಮುಗೀತು' ಅಂತ ತಮ್ಮ ಟಗರುಗಳ ಬೀಜ ಒಡೆಸಿದ್ದರು. ಆ ಕರಿ ಜಾತಿಯ ಒಂದು ಟಗರೂ ಊರಿನಲ್ಲಿ ಉಳಿದಿರಲಿಲ್ಲ. ಅಪ್ಪ ಶಿರಾ ಕಡೆಯಿಂದ ಬೇರೆ ಟಗರು ತಂದಿದ್ದ. ಅದರ ಮರಿಗಳು ಬೂದು ಬಣ್ಣ.

ಅಪ್ಪ ಕೆರೆಯ ಹಿಂದಿನ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ. ಅವ್ವ ಬುತ್ತಿ ತೆಗೆದುಕೊಂಡು ಹೊರಟಿದ್ದಳು, ನಾನೂ ಜೊತೆಗೆ ಹೋದೆ. ಅಪ್ಪ ನನ್ನನ್ನು ನೋಡಿ, "ಬಂದ್ಯೇನ್ಲಾ? ಬಡವಾಗಿದ್ದೀಯ" ಅಂದ. ಮುದ್ದೆ ಮುರಿಯುತ್ತ ಕೂತ. ನನಗೆ ತಡೆಯಲಾಗಲಿಲ್ಲ. ದ್ವೀಪದ ಕತೆಯನ್ನೆಲ್ಲ ಹೇಳಿದೆ. ಹಗ್ಗ ಹಿಡಿಯದವರು, ಹಲ್ಲಿಲ್ಲದ ಮುದುಕ, ಬಚ್ಚಿಟ್ಟ ಟಗರು, ಆ ಹೆಂಗಸು, ಎಲ್ಲವನ್ನೂ. ಹೇಳುತ್ತ ಹೇಳುತ್ತ ಸಿಟ್ಟು ನೆತ್ತಿಗೇರಿತು. "ಒಂದು ದಿನ ಅಪ್ಪ! ಒಂದೇ ಒಂದು ದಿನ! ಭಾನುವಾರ ಅಂತ ಆ ಮುಂಡೆ ತಂತಿ ಕಳಿಸಲಿಲ್ಲ. ನಮ್ಮ ಮನೆ ಹಾಳು ಮಾಡಿದವಳು ಅವಳು" ಅಂದೆ.

ಅಪ್ಪ ಉಣ್ಣುವುದು ನಿಲ್ಲಿಸಿದ. ಅವ್ವ ನನ್ನ ಮುಖವನ್ನೇ ನೋಡಿದಳು.

"ತಂತಿ ಎಂದು ಬಂತು?" ಅಂದಳು.

"ಮಂಗಳವಾರ."

"ಕಾಂಪೋಂಡ್ರು ಬಂದಿದ್ದು ಎಂದು ಗೊತ್ತಾ ನಿಂಗೆ? ಸೋಮಾರ ಕಣಪ್ಪ."

ನನಗೆ ತಕ್ಷಣಕ್ಕೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡದಂತೆ ನಮ್ಮ ಮನೆಯಲ್ಲಿ ಸೋಮವಾರ ಮಂದೆಗೆ ಕಬ್ಬಿಣ ತಾಗಿಸುವಂತಿರಲಿಲ್ಲ. ಉಣ್ಣೆ ಕತ್ತರಿಸುವುದಿಲ್ಲ, ಕಿವಿಗೆ ಗುರುತು ಹಾಕುವುದಿಲ್ಲ, ಮುಳ್ಳು ಚುಚ್ಚಿಕೊಂಡರೂ ಚಿಮಟದಿಂದ ತೆಗೆಯದೆ ಬೆರಳಿನಲ್ಲೇ ಕೀಳುತ್ತಿದ್ದರು. ಆ ದ್ವೀಪದಲ್ಲಿ ದಿನವಿಡೀ ನಾಳೆ, ನಾಳೆ ಅಂತ ಎಣಿಸಿದ ನನಗೆ, ಆ ನಾಳೆ ಸೋಮವಾರ ಅನ್ನುವುದು ಒಂದು ಸಲವೂ ತಲೆಗೆ ಬಂದಿರಲಿಲ್ಲ.

"ಕಾಂಪೋಂಡ್ರು ಒಳ್ಳೇವ್ನು" ಅಂದಳು ಅವ್ವ. "ಜನ ಹೇಳಿದ್ರು ಅವನ್ಗೆ, ಈ ಮನೇಲಿ ಸೋಮಾರ ಇಕ್ಳ ಮುಟ್ಸಕಿಲ್ಲ ಅಂತ. ಅವ್ನೇ ಅಂದ, ಬುಡಿ ಯಜಮಾನ್ರೇ, ಬುಧ್ವಾರ ಬತ್ತೀನಿ, ನಂಗೇನು ಅಂತ. ಚೀಲಾನೂ ಕಟ್ಕಂಡ. ನಿಮ್ಮಪ್ಪ ಬುಡ್ನಿಲ್ಲ. ನನ್ ಮಗ ಬರ್ದವ್ನೆ, ದಿನ ಗಿನ ಅಂತ ಮೂಢ್ರಂಗೆ ಕುಂತ್ಕಬ್ಯಾಡ, ಕಾಂಪೋಂಡ್ರು ಬಂದ್ ದಿನಾನೇ ಮಾಡ್ಸು ಅಂತ. ಊರ್ನೋರ್ ಮುಂದೆ ಓದವ್ರೆ ಮೇಷ್ಟ್ರು. ಹಾಕಿ ಇಕ್ಳ, ಅಂದ. ನಿಮ್ಮಪ್ಪನೇ ಮೂರ್ನೂ ಹಿಡ್ಕಂಡ."

ಆ ಸಾಲು ಬರೆದದ್ದು ನನಗೆ ನೆನಪೇ ಇರಲಿಲ್ಲ. ನಾಲ್ಕು ಪುಟದಲ್ಲಿ ಅದೊಂದು ಸಾಲು. ಬುಧವಾರ. ಭಾವ ತಂತಿ ಹಿಡಿದುಕೊಂಡು ಬಂದದ್ದು ಮಂಗಳವಾರ.

ನಾನು ಅಲ್ಲೇ ಕೂತೆ. ಅಪ್ಪ ಕೈ ತೊಳೆದ. ಕಂಬಳಿ ಕೊಡವಿ ಹೆಗಲ ಮೇಲೆ ಹಾಕಿಕೊಂಡ.

"ಆವಮ್ಮನ್ನ ಬೈಬ್ಯಾಡ ಕಣ್ಲಾ" ಅಂದ. "ಆವಮ್ಮ ತನ್ ದಿನ ತಾನ್ ಬುಡ್ನಿಲ್ಲ. ನಾನ್ ಬುಟ್ಟೆ."

ಅಷ್ಟು ಹೇಳಿ ಕುರಿ ತಿರುಗಿಸಲು ಹೊರಟುಹೋದ. ನನ್ನನ್ನು ಒಂದು ಮಾತು ಬೈಯಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಬದುಕಿದ್ದ, ಆಗಲೂ ಬೈಯಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ.